ಕಂಬಳಿಗೆ ಮೈಲಿಗೆಯಿಲ್ಲ

ಹಿರಿಯ ಮಾಸ್ತರು ಹಿರೇಕೆರೂರಿನಲ್ಲಿ ತೀರಿಕೊಂಡರೆಂಬ ಸುದ್ದಿ ನಮ್ಮ ಹಾನಗಲ್ಲಿಗೆ ಬಂದದ್ದು ಒಬ್ಬ ಚಕ್ಕಡಿಯವನ ಬಾಯಿಂದ. ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸುತ್ತ ಅವನು, "ಕಂಬಳಿ ಮ್ಯಾಲ ಕುಂದರ್ತಿದ್ದಿಲ್ಲಲ್ರಿ, ಆ ಮಾಸ್ತರ್ರು ಹ್ವಾದ್ರು," ಎಂದ. ಆಯುಷ್ಯವಿಡೀ ಇತಿಹಾಸ, ಭೂಗೋಳ ಕಲಿಸಿದವರು; ಜಗತ್ತಿನ ದೊಡ್ಡ ದೊಡ್ಡ ನದಿಗಳನ್ನೆಲ್ಲ ಹುಡುಗರ ಬಾಯಲ್ಲಿ ಹರಿಸಿದವರು. ಕೊನೆಗೆ ಜನ ಅವರ ಗುರುತು ಹಿಡಿದದ್ದು ಅವರು ಯಾವುದರ ಮೇಲೆ ಕೂರುತ್ತಿರಲಿಲ್ಲ ಎಂಬುದರಿಂದ. ಕೀರ್ತಿ ಬರುವ ದಾರಿಯೇ ಹೀಗೆ; ಅದು ಯಾರ ಮಾತನ್ನೂ ಕೇಳುವುದಿಲ್ಲ.

ಹಿರೇಕೆರೂರಿನವರು ಇದಕ್ಕೆ ಹಲವು ಕಾರಣ ಕಟ್ಟಿದ್ದರಂತೆ. ಉಣ್ಣೆ ತಾಗಿದರೆ ಮೈ ಕಡಿಯುತ್ತದೆ ಎಂದು ಕೆಲವರು. ಯಾವುದೋ ವ್ರತ ಎಂದು ಕೆಲವರು. ಕಾಶಿಗೆ ಹೋದವರು ಏನಾದರೊಂದನ್ನು ಬಿಟ್ಟುಬರಬೇಕಲ್ಲ, ಎಲ್ಲರೂ ಬದನೆಕಾಯಿ ಬಿಟ್ಟರೆ ಇವರು ಕಂಬಳಿ ಬಿಟ್ಟುಬಂದರು ಎಂದು ಭಕ್ತರು. ಕಾಶಿ ಹಾಗಿರಲಿ, ಅವರು ಧಾರವಾಡ ದಾಟಿ ಹೋದವರಲ್ಲ. ನಿಜವಾದ ಕಾರಣ ಬಲ್ಲವರು ನಾವು ಕೆಲವರೇ. ಬಲ್ಲೆವೆಂದು ಹೆಮ್ಮೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಹಾನಗಲ್ಲಿನ ಶಾಲೆಯಲ್ಲಿ ಅವರು ಹಿರಿಯ ಮಾಸ್ತರು, ನಾನು ಕಿರಿಯ ಮಾಸ್ತರ. ಎತ್ತರದ, ತೆಳ್ಳಗಿನ ಆಳು. ಕಚ್ಚೆ ಹಾಕಿದ ಧೋತರ, ಮೊಣಕಾಲಿಗೆ ಬರುವ ಕೋಟು, ತಲೆಯ ಮೇಲೆ ಕರಿ ಟೊಪ್ಪಿಗೆ. ಆ ಟೊಪ್ಪಿಗೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಯಾರಾದರೂ ಅವರನ್ನು ಪ್ರಶ್ನೆ ಕೇಳಿ ಕಟ್ಟಿಹಾಕಿದರೆ ಅವರು ಮೆಲ್ಲಗೆ ಟೊಪ್ಪಿಗೆ ತೆಗೆಯುವರು, ಆಳದ ಬಾವಿಯಲ್ಲಿ ಇಣುಕಿದ ಹಾಗೆ ಅದರೊಳಗೆ ನೋಡುವರು, ಮತ್ತೆ ತಲೆಗಿಟ್ಟುಕೊಳ್ಳುವರು. ಅಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಬರೀ ಉತ್ತರವಲ್ಲ, ಆಧಾರ. "ಯಾವುದಕ್ಕೂ ಒಂದು ಆಧಾರ ಬೇಕೋ ತಮ್ಮಾ. ಆಧಾರ ಇಲ್ಲದ ಒಳ್ಳೇತನಾನೂ ನಿಲ್ಲೂದಿಲ್ಲ," ಎನ್ನುವರು ನನಗೆ.

ಒಮ್ಮೆ ಅವರು ಶಾಲೆಗೆ ಅರ್ಧ ತಾಸು ತಡವಾಗಿ ಬಂದರು. ಹೆಡ್ಮಾಸ್ತರರು ಗಡಿಯಾರ ತೋರಿಸಿದರು. ಟೊಪ್ಪಿಗೆ ಇಳಿಯಿತು, ಏರಿತು.

"ಅದು ಸರಕಾರದ ಗಡಿಯಾರರಿ. ಅದರ ಹೊತ್ತು ಎಲ್ಲೋ ಪೂರ್ವದ ಕಡೆ ಗೆರೀದು. ನಮ್ಮ ಹಾನಗಲ್ಲಿನ ಮ್ಯಾಲ ಸೂರ್ಯ ಅರ್ಧ ತಾಸು ತಡಾ ಮಾಡಿ ಬರ್ತಾನ. ನಾ ಸೂರ್ಯನ ಹಿಂದಿಂದ ಬಂದೇನಿ. ಕೇಳೂದಿದ್ದರ ಅವನ್ನ ಕೇಳ್ರಿ."

ಹೆಡ್ಮಾಸ್ತರರು ಸೂರ್ಯನನ್ನು ಕೇಳಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಕಾಲ. ಶಾಲೆಗಳಲ್ಲಿ ಆಟ ಇರಬೇಕೆಂದು ಇನ್ಸ್‌ಪೆಕ್ಟರರ ಅಪ್ಪಣೆಯಾಯಿತು. ಆಡಳಿತ ಕಮಿಟಿಯವರು ಒಂದು ಬಲೆ, ಕೆಲವು ಬ್ಯಾಟು, ಒಂದು ಡಬ್ಬಿ ಚೆಂಡು ತರಿಸಿ, ಕೈ ತೊಳೆದುಕೊಂಡರು. ಬ್ಯಾಡ್ಮಿಂಟನ್ ಅಂದರೆ ಈಗಿನವರು ಗರಿಯ ಆಟ ಅಂದುಕೊಂಡಾರು. ನಾವು ಆಡಿಸಿದ್ದು ಉಣ್ಣೆಯ ಚೆಂಡಿನದು: ಲಿಂಬೆಹಣ್ಣಿನಷ್ಟು ಹಳದಿ ಚೆಂಡು, ಒಂದೊಂದು ಬದಿಗೆ ಐದೈದು ಮಂದಿ. ಕಲಿಸುವ ಹೊಣೆ ಹಿರಿಯ ಮಾಸ್ತರ ಮೇಲೆ ಬಿತ್ತು. ಧಾರವಾಡದಲ್ಲಿ ಟ್ರೇನಿಂಗಿಗೆ ಇದ್ದಾಗ ಅವರು ಆ ಆಟವನ್ನು ಕಂಪೌಂಡಿನ ಆಚೆಯಿಂದ ನೋಡಿದ್ದರೆಂಬುದೇ ಅವರ ಅರ್ಹತೆ. ನಾನು ಅವರ ಉಪಾಧ್ಯಕ್ಷ. ಅಂದರೆ ಬಲೆ ಕಟ್ಟುವವನು.

ಅವರು ಬ್ಯಾಟು ಮುಟ್ಟಲಿಲ್ಲ. ನಕಾಶೆ ತೋರಿಸುವ ಕೋಲು ಹಿಡಿದು ಗೆರೆಯ ಆಚೆ ನಿಂತು, ಆಟವನ್ನು ತಮಗೆ ಗೊತ್ತಿದ್ದ ವಿಷಯಕ್ಕೆ ಎಳೆದುಕೊಂಡರು. ಬಲೆ ಹಿಮಾಲಯವಾಯಿತು. ಮುಂದಿನ ಇಬ್ಬರು ಕರಾಚಿ, ಕಲಕತ್ತಾ. ನಡುವಿನವನು ನಾಗಪುರ. ಹಿಂದಿನ ಎಡಕ್ಕೆ ಮುಂಬಯಿ, ಬಲಕ್ಕೆ ಮದ್ರಾಸು.

"ಲೇ ಕರಾಚಿ! ಚೆಂಡೇನು ಮಳಿ ಮೋಡೇನೋ, ಹಿಮಾಲಯಕ್ಕ ಬಡದು ಹಿಂದ ಬೀಳಲಿಕ್ಕೆ?"

"ನಾಗಪುರ, ನೀ ಮುಂಬಯಿ ಮ್ಯಾಲ ಯಾಕ ಬೀಳತಿ? ಅಂವಗ ಸಮುದ್ರ ಅದ, ನಿನಗೇನದ?"

ನಗಬೇಡಿ. ಒಂದು ಹಂಗಾಮಿನಲ್ಲಿ ಆ ಹುಡುಗರು ಆಟವನ್ನೂ ಕಲಿತರು, ಭೂಗೋಳವನ್ನೂ ಕಲಿತರು. ಸುತ್ತಲಿನ ಶಾಲೆಗಳಲ್ಲಿ ನಮ್ಮ ತಂಡಕ್ಕೆ ಹೆಸರು ಬಂತು. ಮದ್ರಾಸು ಮಾತ್ರ ದುರ್ಬಲ. ಅಲ್ಲಿ ನಿಲ್ಲುತ್ತಿದ್ದವನು ಕಮಿಟಿಯ ಅಧ್ಯಕ್ಷರಾದ ಅಡತಿ ಅಂಗಡಿ ಸಾಹುಕಾರರ ಸೋದರಳಿಯ. ಚೆಂಡು ತನ್ನ ಹತ್ತಿರ ಬರಬೇಕು, ತಾನು ಅದರ ಹತ್ತಿರ ಹೋಗುವುದು ಮನೆತನಕ್ಕೆ ಕಡಿಮೆ ಎಂಬ ಧೋರಣೆಯವನು.

ಒಂದು ಸಂಜೆ ಚೆಂಡು ಹಾರಿ ಬಯಲಿನ ಬೇಲಿಯ ಕಡೆ ಹೋಯಿತು. ಅಲ್ಲಿ ಮನೆಗೆ ಹೊರಟಿದ್ದ ಒಬ್ಬ ವಿದ್ಯಾರ್ಥಿ ಕಂಕುಳಲ್ಲಿದ್ದ ಬರೆಯುವ ಪಾಟಿ ತೆಗೆದು, ಅದನ್ನೇ ಬ್ಯಾಟು ಮಾಡಿ, ಚೆಂಡನ್ನು ಅಷ್ಟು ದೂರದಿಂದ ಸೀದಾ ಹಿಮಾಲಯದ ಆಚೆ ಹಾಕಿದ. ಚೆಂಡು ಗೆರೆಯ ಮೇಲೆ ಬಿತ್ತು. ಪಾಟಿ ಎರಡು ಹೋಳಾಯಿತು. ಹುಡುಗ ಹೋಳು ಹಿಡಿದು ಅಳಹತ್ತಿದ.

"ಪಾಟಿ ಹೋದರ ಹೋಗಲಿ," ಎಂದರು ಮಾಸ್ತರು, ಅವನ ಹತ್ತಿರ ಹೋಗುವ ಅವಸರದಲ್ಲಿ ಧೋತರ ಎಡವುತ್ತ. "ಮದ್ರಾಸ ಸಿಕ್ತು!"

ಅವನು ದುರ್ಗಪ್ಪ. ಬಂಕಾಪುರದ ಹತ್ತಿರದ ಹಳ್ಳಿಯವನು; ಹಾನಗಲ್ಲಿನ ಹೊಲಗೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಕಾಯ್ದೆ ಅವನನ್ನು ನಮ್ಮ ಶಾಲೆಯ ಒಳಗೆ ಬಿಟ್ಟಿತ್ತು, ರೂಢಿ ಅವನನ್ನು ಬಾಗಿಲ ಹತ್ತಿರ ಕೂರಿಸಿತ್ತು. ಈ ಎರಡರ ನಡುವೆ ನಾವು ಮಾಸ್ತರಂದಿರು ನೆಮ್ಮದಿಯಾಗಿ ಪಾಠ ಮಾಡುತ್ತಿದ್ದೆವು.

ದುರ್ಗಪ್ಪ ಆಡಲು ಶುರುಮಾಡಿದ ಮೂರನೆಯ ದಿನಕ್ಕೆ ಕಮಿಟಿ ಸೇರಿತು. ಸಾಹುಕಾರರು ಜಬರದಸ್ತು ಮನುಷ್ಯರಲ್ಲ, ಮೆಲ್ಲಗೆ ಮಾತಾಡುವವರು. ಅದೇ ಅವರ ಜಬರದಸ್ತು.

"ಮಾಸ್ತರ, ಆಟಾ ಆಡ್ಲಿ, ನಮ್ಮದೇನಿಲ್ಲ. ಆದರ ಅಂವ ಹೊಡದ ಚಂಡು ಎಲ್ಲಾರ ಮೈಗೂ ಬಡೀತೈತಿ. ನಮ್ಮ ಹುಡುಗೂರು ಮನೀಗಿ ಬಂದು ಒಲೀತನಕಾ ಅಡ್ಡಾಡ್ತಾವು. ಹೆಂಗ ಮಾಡೂದು?"

ಮಾಸ್ತರು ಟೊಪ್ಪಿಗೆ ತೆಗೆದರು. ಒಳಗೆ ನೋಡಿದರು. ಇಟ್ಟುಕೊಂಡರು.

"ಸಾಹುಕಾರ್ರ, ದಿನಾ ಪೂಜಾಕ್ಕ ಯಾತರ ಮ್ಯಾಲ ಕೂಡ್ತೀರಿ?"

"ಕಂಬಳಿ ಮ್ಯಾಲ."

"ಅದನ್ನ ನೇದಾವ ಸ್ನಾನಾ ಮಾಡಿ ನೇದಿದ್ನೇನ್ರಿ? ಸಂತ್ಯಾಗ ಎಷ್ಟು ಮಂದಿ ಮುಟ್ಟಿದ್ರು, ಕೇಳೀರೇನು?"

"ಕಂಬಳಿಗಿ ಎಲ್ಲೀ ಮೈಲಿಗಿ ಮಾಸ್ತರ? ಹುಟ್ಟಿದಾಗಿಂದ ಕೇಳೇವಿ."

"ನಮ್ಮ ಅವ್ವ ಉಣ್ಣೀ ಧಾಬಳಿ ಉಟ್ಟು ಅಡಗಿ ಮಾಡ್ತಾಳ. ಉಣ್ಣೀಗೆ ಮೈಲಿಗಿಲ್ಲ. ಈಗ ಹೇಳ್ರಿ," ಎಂದು ಕೋಟಿನ ಕಿಸೆಯಿಂದ ಹಳದಿ ಚೆಂಡು ತೆಗೆದು ಸಾಹುಕಾರರ ಮುಂದಿನ ಜಮಖಾನದ ಮೇಲೆ ಉರುಳಿಸಿದರು. "ಇದು ಯಾತರದು?"

ಇಡೀ ಕಮಿಟಿ ಚೆಂಡನ್ನು ನೋಡಿತು. ಒಬ್ಬರು ಮುಟ್ಟಿಯೂ ನೋಡಿದರು. ಉಣ್ಣೆಯೇ.

ಅಂಥ ಗೆಲುವನ್ನು ನಾನು ಮತ್ತೆ ಕಂಡಿಲ್ಲ. ಧರ್ಮಕ್ಕೆ ಧಕ್ಕೆಯಿಲ್ಲ, ಆಟಕ್ಕೆ ಧಕ್ಕೆಯಿಲ್ಲ. ಮಾಸ್ತರು ಏಳುವುದಕ್ಕೆ ಹೊರಟಿದ್ದರು. ಸಾಹುಕಾರರು ಅಡಕೆ ಕತ್ತರಿಸುತ್ತ, ಏನೋ ನೆನಪಾದವರಂತೆ, "ಚಂಡಿನ ಮಾತು ಮುಗೀತು. ಬ್ಯಾಟು?" ಎಂದರು.

"ಬ್ಯಾಟೇನ್ರಿ? ಅವಂದು ಅವಂಗ, ಇವರದು ಇವರಿಗೆ. ಅದೇನು ದೊಡ್ಡ ಮಾತು?"

ಎದ್ದು ನಿಂತ ಉಮೇದಿನಲ್ಲಿ ಆಡಿದ ಮಾತು. ಟೊಪ್ಪಿಗೆಯನ್ನೂ ತೆಗೆಯದೆ ಆಡಿದ್ದು. ಮರುದಿನದಿಂದ ಐವರ ಬ್ಯಾಟು ಕಪಾಟಿನಲ್ಲಿ, ದುರ್ಗಪ್ಪನದು ಹೊರಪಡಸಾಲೆಯ ಕಂಬದ ಮೊಳೆಗೆ. ಐವರೆಂದರೆ ಆಡುವ ನಾಲ್ವರು, ಮತ್ತು ಈಗ ಕಾದು ಕೂರುವ ಸಾಹುಕಾರರ ಹುಡುಗ.

ಆಮೇಲೆ ಆಧಾರಗಳು ಹೆಚ್ಚುತ್ತ ಹೋದವು. ಊರೂರಿಗೆ ಆಡಲು ಹೋಗುವಾಗ ಇದ್ದಿಲು ಸುಟ್ಟು ಓಡಿಸುವ ಮೋಟಾರು. ಪೆಟ್ರೋಲು ಯುದ್ಧಕ್ಕೆ ಹೋಗಿತ್ತು. ಮೋಟಾರಿನ ಒಳಗೆ ಜಾಗ ಇದ್ದರೂ ದುರ್ಗಪ್ಪ ಸಾಮಾನು ಹೇರುವ ಟಪ್ಪಿನ ಮೇಲೆ. "ಮ್ಯಾಲ ಗಾಳಿ ಛಲೋ ಬರ್ತದ. ಹಿಂದ ಆಡಾಂವಗ ಗಾಳೀ ಲೆಕ್ಕಾ ತಿಳೀಬೇಕು," ಎಂದರು ಮಾಸ್ತರು. ಶಿಗ್ಗಾವಿಯಲ್ಲಿ ಎಲ್ಲರಿಗೂ ತಂಬಿಗೆಯಲ್ಲಿ ನೀರು ಬಂತು, ಅವನ ಬೊಗಸೆಗೆ ಮೇಲಿಂದ ಹೊಯ್ದರು. "ಬೊಗಸೀಲೆ ಕುಡದರ ನೀರು ಹೆಚ್ಚು ಹೊಟ್ಟೀಗೆ ಹೋಗೂದಿಲ್ಲ, ಓಡಲಿಕ್ಕೆ ಹಗರ." ದುರ್ಗಪ್ಪ ಎಲ್ಲಕ್ಕೂ "ಹೌದ್ರಿ" ಎನ್ನುತ್ತಿದ್ದ. ಮತ್ತು ಗೆದ್ದುಕೊಡುತ್ತಿದ್ದ. ಚೆಂಡು ಎಲ್ಲಿ ಬೀಳುವುದೋ ಅಲ್ಲಿ ಅದಕ್ಕಿಂತ ಮೊದಲು ಬಂದು, ಹಾದಿ ಕಾಯುವ ನೆಂಟನ ಹಾಗೆ ನಿಂತಿರುತ್ತಿದ್ದ.

ಕೊನೆಯ ಆಟ ಸವಣೂರಿನಲ್ಲಿ. ಆ ಊರಿನ ದೊಡ್ಡ ಹುಣಸೆಮರಗಳಿವೆಯಲ್ಲ, ಹತ್ತು ಜನ ಕೈ ಹಿಡಿದರೂ ಬುಡ ತಬ್ಬಲಾಗದಂಥವು, ಅವುಗಳಿಂದ ಸ್ವಲ್ಪ ದೂರದ ಬಯಲು. ಸಾಹುಕಾರರೂ ಬಂದು ಮೊದಲನೆಯ ಕುರ್ಚಿಯಲ್ಲಿ ಕೂತರು. ಒಂದು ಆಟ ಸವಣೂರಿನವರು ಗೆದ್ದರು, ಒಂದು ನಾವು. ಮೂರನೆಯದರಲ್ಲಿ ನಾವು ಮುಂದೆ. ಇನ್ನು ಕೆಲವೇ ಪಾಯಿಂಟು. ಆಗ ದುರ್ಗಪ್ಪ ಹಿಂದಕ್ಕೆ ಬಾಗಿ ಹೊಡೆದ ಒಂದು ಹೊಡೆತಕ್ಕೆ ಟಣ್ಣೆಂದು ಸದ್ದಾಯಿತು. ಬ್ಯಾಟಿನ ತಂತಿ ಹರಿದು, ನಡುವೆ ಮುಷ್ಟಿ ತೂರುವಷ್ಟು ಕಿಂಡಿ.

ಆಟ ನಿಂತಿತು. ದುರ್ಗಪ್ಪ ಬ್ಯಾಟನ್ನು ನೋಡಿದ, ಮಾಸ್ತರನ್ನು ನೋಡಿದ. ಸಾಹುಕಾರರ ಹುಡುಗನ ಮಡಿಲಲ್ಲಿ ಒಂದು ಒಳ್ಳೆಯ ಬ್ಯಾಟು ಇತ್ತು. ನನ್ನ ಕಂಕುಳಲ್ಲೂ ಒಂದು ಇತ್ತು. ನಾನು ಮಾಸ್ತರ ಕಡೆ ನೋಡಿದೆ; ನಿರ್ಣಯ ಹಿರಿಯರದು ಎಂಬ ವಿನಯ ಆ ಹೊತ್ತಿಗೆ ನನಗೆ ತುಂಬ ಅನುಕೂಲಕ್ಕೆ ಬಂತು.

ಅಷ್ಟರಲ್ಲಿ ಸವಣೂರ ತಂಡದ ಖಾದರ ಎಂಬ ಹುಡುಗ ಬಲೆಯ ಕೆಳಗೆ ನುಸುಳಿ ಬಂದು ತನ್ನ ಬ್ಯಾಟು ಚಾಚಿದ. "ತಗೋಳೋ ದೋಸ್ತ. ನಂದು ಇನ್ನೊಂದೈತಿ. ಲಗೂನ ಆಡು, ನಿನ್ನ ಸೋಲಿಸಬೇಕು ನಾ."

ಜನ ನಕ್ಕರು. ಪಂಚರು, "ನಮ್ಮ ತಕರಾರಿಲ್ರಿ," ಎಂದರು. ದುರ್ಗಪ್ಪನ ಕೈ ಅರ್ಧ ಮುಂದೆ ಹೋಗಿ, ಅಲ್ಲಿಯೇ ನಿಂತಿತು. ಅವನು ಅಪ್ಪಣೆಗಾಗಿ ಮಾಸ್ತರ ಮುಖ ನೋಡಿದ. ಮಾಸ್ತರು ಸಾಹುಕಾರರ ಮುಖ ನೋಡಿದರು. "ಅವಂದು ಅವಂಗ ಅಂದಿದ್ರಿ," ಎಂದರು ಸಾಹುಕಾರರು, ಮೆಲ್ಲಗೆ.

ಮಾಸ್ತರು ಟೊಪ್ಪಿಗೆ ತೆಗೆದರು. ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಮನಸ್ಸಿನಲ್ಲಿಯೇ ಕೈಮುಗಿದೆ: ಏನಾದರೂ ಸಿಗಲಿ.

ಸಿಕ್ಕಿತು. "ಎದುರಾಳಿ ಬ್ಯಾಟಿಲೆ ಎದುರಾಳೀನ್ನ ಸೋಲಿಸೂದು... ಅದು ಆಟದ ಧರ್ಮ ಅಲ್ಲ," ಎಂದರು. ಟೊಪ್ಪಿಗೆ ತಲೆಗೆ ಹೋಯಿತು. "ಹೊರಗ ಬಾರಪಾ, ಮದ್ರಾಸ."

ದುರ್ಗಪ್ಪ, "ಹೌದ್ರಿ," ಎಂದ. ಹರಿದ ಬ್ಯಾಟನ್ನು ಗೆರೆಯ ಮೇಲೆ ಇಟ್ಟು ಹೊರಗೆ ಬಂದ. ಸಾಹುಕಾರರ ಹುಡುಗ ಒಳಗೆ ಹೋದ.

ಸೋತಿದ್ದರೆ ಎಷ್ಟೋ ಚೆನ್ನಾಗಿತ್ತು. ದೇವರು ಶಿಕ್ಷೆ ಕೊಟ್ಟ ಎಂದು ಅವನ ಮೇಲೆ ಹಾಕಿ ಕೂರಬಹುದಿತ್ತು. ನಾವು ಗೆದ್ದೆವು. ಕೊನೆಯ ಪಾಯಿಂಟು ಸಾಹುಕಾರರ ಹುಡುಗನ ಬ್ಯಾಟಿನ ಅಂಚಿಗೆ ತಾಗಿ ಬಂತು. ತಾಗಿದ್ದು ಅವನಿಗೇ ಗೊತ್ತಾಗಲಿಲ್ಲ. ಕಪ್ಪು ಕೊಟ್ಟರು, ಹಾರ ಹಾಕಿದರು, ಖಾರ-ಮಂಡಕ್ಕಿ ಹಂಚಿದರು. ಹಂಚುವಾಗ ಒಂದು ಪಾಲು ಉಳಿಯಿತು. ದುರ್ಗಪ್ಪ ಎಲ್ಲಿ? ಬಂಕಾಪುರದ ಹಾದಿ ಹಿಡಿದು ನಡೆದದ್ದನ್ನು ಕಂಡೆವು ಎಂದು ಹುಣಸೆಮರದ ಕೆಳಗಿದ್ದ ದನಗಾಹಿಗಳು ಹೇಳಿದರು.

ವಾಪಸು ಬರುವಾಗ ಮಾಸ್ತರು ಮೋಟಾರಿನ ಒಳಗೆ ಕೂರಲಿಲ್ಲ. ಆ ವಯಸ್ಸಿನಲ್ಲಿ, ಆ ಧೋತರದಲ್ಲಿ, ಏಣಿ ಹತ್ತಿ ಟಪ್ಪಿನ ಮೇಲೆ ಕೂತರು. ಬಿದ್ದಾರೆಂಬ ಭಯಕ್ಕೆ ನಾನೂ ಹತ್ತಿದೆ. ಮೇಲೆ ಗಾಳಿ ಎಲ್ಲಿಂದ ಬರಬೇಕು, ಇದ್ದಿಲಿನ ಹೊಗೆಯೆಲ್ಲ ಮುಖಕ್ಕೆ. ಇಬ್ಬರೂ ಕೆಮ್ಮಿದೆವು. ಶಿಗ್ಗಾವಿ ದಾಟಿದ ಮೇಲೆ ಅವರು ಒಮ್ಮೆಲೇ ನನ್ನ ರಟ್ಟೆ ಹಿಡಿದರು.

"ತಮ್ಮಾ, ಸಿಕ್ತು!"

"ಏನ್ರಿ?"

"ಬ್ಯಾಟಿನ ತಂತಿ ಯಾತರದು? ಕುರೀ ಕರುಳಿಂದು. ಕುರೀ ಮೈಮ್ಯಾಲಿನ ಉಣ್ಣೀಗೆ ಮೈಲಿಗಿಲ್ಲಂದ ಮ್ಯಾಲ ಅದರ ಹೊಟ್ಟ್ಯಾಗಿನ ಕರುಳಿಗೆ ಎಲ್ಲಿಂದ ಬಂತು? ಅದ ಕುರಿ! ಆ ಹೊತ್ತಿನಾಗ ಇದು ಯಾಕ ಹೊಳೀಲಿಲ್ಲೋ ನನಗ?"

ಬಹಳ ಒಳ್ಳೆಯ ಆಧಾರ. ಕಮಿಟಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಾನು ಹಾಗೆಯೇ ಹೇಳಿದೆ. ಅವರು ನನ್ನ ರಟ್ಟೆ ಬಿಟ್ಟರು.

ದುರ್ಗಪ್ಪ ಶಾಲೆಗೆ ಬರಲಿಲ್ಲ. ಮೊಳೆ ಖಾಲಿ ಇತ್ತು. ಮುಂದಿನ ಆದಿತ್ಯವಾರ ಮಾಸ್ತರು ನನ್ನನ್ನು ಕರೆದುಕೊಂಡು ಅವನ ಹಳ್ಳಿಗೆ ಹೊರಟರು. ಹಾದಿಯಲ್ಲಿ ಅವರು ಉಣ್ಣೆ, ಕರುಳು ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದುದು ಕೇಳಿಸಿತು; ಪಾಠ ಒಪ್ಪಿಸಲು ಹೊರಟ ಹುಡುಗನ ಹಾಗೆ.

ಮನೆಯ ಮುಂದೆ ಅವನ ಅವ್ವ ಜೋಳ ಕೇರುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದಳು. "ಅಯ್ಯ, ಮಾಸ್ತರ್ರು ಬಂದಾರ!" ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಒಂದು ಕರಿ ಕಂಬಳಿ. ಅಂಗಳದಲ್ಲಿ ಎರಡು ಸಲ ಝಾಡಿಸಿ, ನೆರಿಗೆಯಿಲ್ಲದಂತೆ ಹಾಸಿದಳು.

"ಕುಂದರ್ರಿ ಯಪ್ಪಾ. ಕಂಬಳಿಗಿ ಮೈಲಿಗಿ ಇಲ್ಲಂತಲ್ರಿ. ನೀವ ಹೇಳೀರಂತ, ನಮ್ಮ ದುರಗ್ಯಾ ಹೇಳಿದ್ದ."

ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ. ನಾನು ಹುಡುಕಿ ನೋಡಿದೆ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಕಂಬಳಿಯ ಮೇಲೆ ಕೂತೆ. ನನಗೆ ಅದೇನೂ ಕಷ್ಟವಾಗಲಿಲ್ಲ. ಮಾಸ್ತರು ನಿಂತೇ ಇದ್ದರು. ಆಮೇಲೆ ಕಂಬಳಿಯ ಅಂಚನ್ನು ಬಿಟ್ಟು ಬರಿಯ ಮಣ್ಣಿನ ಮೇಲೆ ಕುಕ್ಕರಿಸಿದರು.

ಆಕೆಯ ಮುಖ ಬಾಡಿತು. "ಹೊಸಾದೈತ್ರಿ ಮಾಸ್ತರ. ನಾವ್ಯಾರೂ ಹೊದ್ದಿಲ್ರಿ ಅದನ್ನ," ಎಂದಳು.

ಮಾಸ್ತರು ಮಣ್ಣಿನಲ್ಲಿ ಕೂತದ್ದೂ ತಪ್ಪಾಗಿತ್ತು.

ದುರ್ಗಪ್ಪ ಹಿತ್ತಲಿನಿಂದ ಬಂದ. ಹುಬ್ಬಳ್ಳಿಯ ಗಿರಣಿಗೆ ಹೊರಡುವವನಿದ್ದ, ದೊಡ್ಡಪ್ಪ ಅಲ್ಲಿದ್ದನಂತೆ. ನಮಸ್ಕಾರ ಮಾಡಿ ಕಂಬಕ್ಕೆ ಒರಗಿ ನಿಂತ. ಕಡೆಗೆ ಅವನೇ, ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗನ ಹಾಗೆ ಕೇಳಿದ:

"ಮಾಸ್ತರ, ಬ್ಯಾಟಿಗೂ ಏನರ ಸಿಕ್ತೇನ್ರಿ?"

ನಾನು ಮಾಸ್ತರ ಕಡೆ ನೋಡಿದೆ. ಸಿಕ್ಕಿತ್ತಲ್ಲ! ಹಾದಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ್ದರು. ಕುರಿ, ಉಣ್ಣೆ, ಕರುಳು. ಎರಡು ಮಾತು ಹೇಳಿದ್ದರೆ ಹುಡುಗ ಬಹುಶಃ "ಹೌದ್ರಿ" ಎಂದು ನಮ್ಮ ಹಿಂದೆ ಬರುತ್ತಿದ್ದ, ಮತ್ತೆ ಮೊಳೆಗೆ ಬ್ಯಾಟು ತೂಗುತ್ತಿತ್ತು.

ಮಾಸ್ತರ ಕೈ ಟೊಪ್ಪಿಗೆಯವರೆಗೆ ಹೋಯಿತು. ಅದನ್ನು ತೆಗೆಯಲಿಲ್ಲ. ಕೈ ಇಳಿಯಿತು.

"ಇಲ್ಲೋ ಮಗನ," ಎಂದರು. "ಏನೂ ಸಿಗಲಿಲ್ಲ."

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಲ್ಲಿಯವರೆಗಿನ ಅವರ ಆಧಾರಗಳನ್ನೆಲ್ಲ ಸೇರಿಸಿದರೂ ಅದರಷ್ಟು ಸತ್ಯ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಆ ಸತ್ಯವೇನೂ ಹುಡುಗನನ್ನು ಹಿಂದಕ್ಕೆ ತರಲಿಲ್ಲ. ಮರುವಾರ ಹುಬ್ಬಳ್ಳಿಗೆ ಹೋದ. ಆಮೇಲಿನದು ನಮಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ.

ಆ ವರ್ಷ ಮುಗಿಯುತ್ತಲೇ ಮಾಸ್ತರು ನಮ್ಮ ಶಾಲೆ ಬಿಟ್ಟು ಹಿರೇಕೆರೂರಿಗೆ ಹೋದರು. ಅಲ್ಲಿ ಆಟದ ಹೊಣೆ ಒಪ್ಪಿಕೊಳ್ಳಲಿಲ್ಲ. ಅಲ್ಲಿ ಅವರು ಮಾಡಿದ್ದನ್ನು ಮಂದಿಯಿಂದ ಕೇಳಿ ಬಲ್ಲೆ. ತರಗತಿಯಲ್ಲಿ ಎಲ್ಲರಿಗೂ ಒಂದೇ ಕೊಡ, ಒಂದೇ ತಂಬಿಗೆ ಇಟ್ಟರಂತೆ. ಊರ ಹಿರಿಯರು ಬಂದು, "ಇದಕ್ಕ ಏನು ಆಧಾರ ಐತ್ರಿ ಮಾಸ್ತರ?" ಎಂದು ಕೇಳಿದರಂತೆ. ನಮ್ಮ ಹಾನಗಲ್ಲಿನ ಮಾಸ್ತರಾಗಿದ್ದರೆ ತಾಮ್ರದ ಗುಣ, ಹರಿಯುವ ನೀರಿನ ಶುದ್ಧಿ, ಅಂತೂ ಒಂದು ಗಳಿಗೆಯಲ್ಲಿ ಅವರನ್ನು ಕಟ್ಟಿಹಾಕುತ್ತಿದ್ದರು. ಇವರು, "ಆಧಾರ ಏನೂ ಇಲ್ಲರಿ," ಎಂದರಂತೆ. ಕೊಡವನ್ನು ಯಾರೋ ಒಡೆದರು. ಇನ್ನೊಂದು ತಂದಿಟ್ಟರು. ಅದನ್ನೂ ಒಡೆದರು. ಮತ್ತೊಂದು ಬಂತು. ಕೇಳಿದವರಿಗೆ ಅದೇ ಉತ್ತರ: ಆಧಾರ ಇಲ್ಲ. ವಾದ ಮಾಡದ ಮನುಷ್ಯನ ಜೊತೆ ಎಷ್ಟು ದಿನ ಜಗಳಾಡುವುದು? ಊರಿಗೆ ಬೇಸರ ಬಂತು. ಕೊಡ ಉಳಿಯಿತು.

ಇದರಿಂದ ಅವರ ಮನಸ್ಸು ಹಗುರವಾಗಿರಬೇಕು ಎಂದು ಓದುವವರು ಅಂದುಕೊಳ್ಳಬಾರದು. ಸ್ವಾತಂತ್ರ್ಯ ಬಂದ ವರ್ಷ ಒಮ್ಮೆ ಅವರನ್ನು ಕಾಣಲು ಹೋಗಿದ್ದೆ. ಕೊಡದ ಸುದ್ದಿ ತೆಗೆದು ಹೊಗಳಿದೆ. "ಹುಬ್ಬಳ್ಳಿಗೆ ಹೋದಾಂವ ಬಂದು ಕುಡೀತಾನೇನೋ?" ಎಂದು ಕೇಳಿ, ಎದ್ದು ಒಳಗೆ ಹೋದರು.

ಚಕ್ಕಡಿಯವನ ಸುದ್ದಿ ಕೇಳಿದ ಮರುದಿನ ನಾನು ಹಿರೇಕೆರೂರಿಗೆ ಹೋದೆ. ಪಡಸಾಲೆಯ ಮೊಳೆಗೆ ಆ ಕರಿ ಟೊಪ್ಪಿಗೆ ತೂಗುತ್ತಿತ್ತು. ಮಾತಾಡಿಸಲು ಬಂದವರಿಗೆಂದು ಮಗ ಒಂದು ಕಂಬಳಿ ಹಾಸಿದ್ದ.

"ಬಾಜೂ ಮನೀದು ಇಸಗೊಂಡು ಬಂದೇನ್ರಿ," ಎಂದ, ತಪ್ಪು ಮಾಡಿದವನಂತೆ. "ಅಪ್ಪಾ ಇರೂತನಕಾ ಮನ್ಯಾಗ ಕಂಬಳಿ ತರಗೊಡ್ಲಿಲ್ಲ. ಯಾಕಂತ ಕೇಳಿದರ ಮಾರಿ ತಿರುವ್ತಿದ್ರು. ನೀವು ಅವರ ಜೋಡಿ ಹಾನಗಲ್ಲಿನಾಗ ಇದ್ದವರು. ನಿಮಗರ ಗೊತ್ತೇನ್ರಿ?"

ಊರ ಹಿರಿಯರೂ ನನ್ನ ಕಡೆ ತಿರುಗಿದರು. ಒಳಗಿನ ಬಾಗಿಲ ಮರೆಯಲ್ಲಿ ಹೆಜ್ಜೆಯ ಸದ್ದು ನಿಂತಿತು. ಮಾಸ್ತರ ಹೆಂಡತಿಯೂ ಕೇಳುತ್ತಿದ್ದರು.

ನಾನು ನನ್ನ ಟೊಪ್ಪಿಗೆ ತೆಗೆದೆ. ಅದರೊಳಗೆ ನೋಡಿದೆ.

"ಏನಿಲ್ಲಪಾ," ಎಂದೆ. "ಉಣ್ಣಿ ತಾಗಿದರ ಅವರಿಗೆ ಮೈ ಕಡೀತಿತ್ತು."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಮಗ ಕಂಬಳಿಯ ನೆರಿಗೆ ಸರಿಮಾಡಿ, "ಕುಂದರ್ರಿ," ಎಂದ.

ಕೂತೆ.